ಕಳೆ ಯಾವುದು, ನೆಂಟ ಯಾವುದು? – ನಮ್ಮೂರ ಕೆರೆಯ ಗಿಡಗಳ ಬಗ್ಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಕೆರೆ ಉಸ್ತುವಾರಿ ನೋಡಿಕೊಳ್ಳುವವರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ಈ ಸಂತೋಷದ ದಿನ ನಮ್ಮನ್ನೂ ನಾಲ್ಕು ಮಾತಾಡಿ ಎಂದು ಕರೆದಿದ್ದೀರಿ. ಕೆರೆ ಕೆಲಸ ನೋಡಿಕೊಳ್ಳುವ ನಾವು ಎಂಟು ಮಂದಿಯಲ್ಲಿ ಭಾಷಣಗಾರರು ಒಬ್ಬರೂ ಇಲ್ಲ. ಕೆಸರಿನಲ್ಲಿ ನಿಂತು ಅಭ್ಯಾಸವೇ ಹೊರತು ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಅದಕ್ಕೇ ಎಂಟೂ ಜನ ಕೂತು ಮಾತಾಡಿಕೊಂಡು ಬರೆದದ್ದನ್ನು ಎಲ್ಲರ ಪರವಾಗಿ ಇಲ್ಲಿ ಓದುತ್ತಿದ್ದೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ಬೆಳಿಗ್ಗೆಯಿಂದ ಎಲ್ಲರೂ ಹೇಳಿದ್ದಾರೆ. ನಾವು ಅದಕ್ಕೆ ಒಂದೇ ಮಾತು ಸೇರಿಸುತ್ತೇವೆ. ನಮ್ಮ ಊರುಗಳಲ್ಲಿ ಕಾಗದ, ಮೊಹರು, ಷೇರು ಬರುವುದಕ್ಕೂ ಎಷ್ಟೋ ಮೊದಲು ಒಂದು ಸಹಕಾರ ಸಂಘ ಇತ್ತು. ಅದೇ ಕೆರೆ. ಏರಿಗೆ ಮಣ್ಣು ಹಾಕೋದು, ಕಾಲುವೆ ಹೂಳು ತೆಗೆಯೋದು, ತೂಬು ಎತ್ತಿ ಇಳಿಸಲು ನೀರಗಂಟಿಯನ್ನು ಇಟ್ಟುಕೊಳ್ಳೋದು, ಇದೆಲ್ಲ ಒಬ್ಬರ ಕೈಲಿ ಆಗುವ ಕೆಲಸ ಆಗಿರಲಿಲ್ಲ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅಂತ ಲೆಕ್ಕ. ಅಷ್ಟೂ ಕೆರೆಗಳು ಹತ್ತು ಜನ ಕೈಜೋಡಿಸಿದ್ದರಿಂದ ಉಳಿದವು, ಕೈಬಿಟ್ಟಲ್ಲಿ ಹಾಳಾದವು.

ಇವತ್ತು ಈ ಮಾತು ಯಾಕೆ ಬಂತು ಅಂದರೆ, ಮುಂದಿನ ಸರ್ವಸದಸ್ಯರ ಸಭೆಗೆ ಒಂದು ವಿಷಯ ಬರಲಿದೆ. ಕೆರೆಯಲ್ಲಿ ಬೆಳೆದಿರುವ ಗಿಡಗಳನ್ನೆಲ್ಲ ಯಂತ್ರ ತರಿಸಿ ಒಂದೇ ಸಲಕ್ಕೆ ತೆಗೆಸೋಣ, ಇಲ್ಲವೇ ಕಳೆನಾಶಕ ಹೊಡೆಸೋಣ, ಅದಕ್ಕೆ ಬೆಳ್ಳಿಹಬ್ಬದ ನಿಧಿಯಿಂದ ಹಣ ಕೊಡೋಣ ಅಂತ ಕೆಲವು ಸದಸ್ಯರು ಕೇಳಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತೆ. ಬಟ್ಟೆ ಒಗೆಯೋಕೆ ಹೋದ ಹೆಂಗಸರಿಗೆ ನೀರೇ ಸಿಗಲ್ಲ. ದನ ನೀರಿಗೆ ಇಳಿಯಲ್ಲ. ಮೀನು ಹಿಡಿಯುವವರ ಬಲೆಗೆ ಮೀನಿಗಿಂತ ಗಿಡವೇ ಜಾಸ್ತಿ ಬೀಳುತ್ತೆ. ಆದರೂ ಕೈ ಎತ್ತುವ ಮೊದಲು ನಮ್ಮ ಮಾತು ಕೇಳಿ. ಯಾಕೆಂದರೆ ಈ ತಪ್ಪನ್ನು ನಾವು ಒಂದು ಸಲ ಮಾಡಿ ನೋಡಿದ್ದೇವೆ.

ನಾವು ಮಾಡಿದ ತಪ್ಪು

2017ರ ಮಳೆಗೆ ಮೇಲಿನ ಕೆರೆ ಕೋಡಿ ಬಿತ್ತು. ಎಷ್ಟೋ ವರ್ಷದ ಮೇಲೆ ಕೋಡಿ ನೀರು ಬಂತು ಅಂತ ನಾವೆಲ್ಲ ಹೋಗಿ ಪೂಜೆ ಮಾಡಿ ಬಂದೆವು. ಆ ನೀರಿನ ಜೊತೆ ಹತ್ತಿಪ್ಪತ್ತು ಗಿಡ ತೇಲಿಕೊಂಡು ಬಂದವು. ಉಬ್ಬಿದ ತೊಟ್ಟು, ನೇರಳೆ ಬಣ್ಣದ ಹೂವು. ಚೆನ್ನಾಗಿದೆ ಅಂತ ಮಕ್ಕಳು ಕಿತ್ತು ಮನೆಗೆ ತಂದರು. ಯಾರೂ ಅದನ್ನು ತೆಗೆಯಬೇಕು ಅಂದುಕೊಳ್ಳಲಿಲ್ಲ. 2019ರ ಹೊತ್ತಿಗೆ ಕೆರೆಯಲ್ಲಿ ನೀರು ಕಾಣದಂತಾಯಿತು. ಹೊಸಬರು ಯಾರಾದರೂ ಬಂದಿದ್ದರೆ ಹಸಿರು ಮೈದಾನ ಅಂದುಕೊಂಡು ಕಾಲಿಡುತ್ತಿದ್ದರು.

2020ರ ಬೇಸಿಗೆಯಲ್ಲಿ ನೀರು ಇಳಿದಾಗ ನಾವು ಚಂದಾ ಎತ್ತಿ ಯಂತ್ರ ತರಿಸಿದೆವು. ಚಾಲಕ ಕೇಳಿದ: "ಯಜಮಾನ್ರೇ, ಯಾವ್ದು ತೆಗೀಲಿ, ಯಾವ್ದು ಬಿಡ್ಲಿ?" ನಾವು ಹೇಳಿದ್ದು ಒಂದೇ ಮಾತು: "ಹಸಿರು ಕಂಡಿದ್ದೆಲ್ಲ ತೆಗಿ." ತೇಲುವ ಗಿಡದ ಜೊತೆಗೆ ಕಾಲುವೆ ಬಾಯಲ್ಲಿದ್ದ ಜೊಂಡು ಹೋಯಿತು, ಚಾಪೆ ಹುಲ್ಲು ಹೋಯಿತು, ಮೂಲೆಯಲ್ಲಿದ್ದ ತಾವರೆ ಹೋಯಿತು, ತಳದ ಪಾಚಿಗಿಡವೂ ಹೋಯಿತು. ಗಿಡದ ರಾಶಿಯನ್ನು ದೂರ ಸಾಗಿಸಲು ಹಣ ಸಾಲದೆ ಏರಿಯ ಒಳಮಗ್ಗುಲಲ್ಲೇ ಹಾಕಿಸಿದೆವು. ಕೆರೆ ತೊಳೆದಿಟ್ಟ ತಟ್ಟೆಯಂತಾಯಿತು ಅಂತ ಫೋಟೋ ಹಿಡಿಸಿಕೊಂಡೆವು.

ಆಮೇಲೆ ಆದದ್ದು ನಿಮಗೆ ಗೊತ್ತಿದೆ. ಮಳೆ ಬಂತು, ಏರಿ ಮೇಲಿನ ರಾಶಿ ಕೊಳೆತು ವಾಪಸು ಕೆರೆಗೇ ಇಳಿಯಿತು. ನೀರು ಹಸಿರು ಬಣ್ಣದ ಗಂಜಿಯಂತಾಯಿತು. ಒಂದು ದಿನ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹೊತ್ತು ಮೂಡುವಷ್ಟರಲ್ಲಿ ಕಾಟ್ಲಾ, ರೋಹು ಬೆಳ್ಳಗೆ ತೇಲುತ್ತಿದ್ದವು. ಆ ವರ್ಷ ಮೀನಿನ ಮರಿ ಬಿಟ್ಟಿದ್ದ ಮನೆಗಳವರು ನಮ್ಮ ಮುಖ ನೋಡಲಿಲ್ಲ, ನಾವು ಅವರ ಮುಖ ನೋಡಲಾಗಲಿಲ್ಲ. ಇನ್ನು ಆ ನೇರಳೆ ಹೂವಿನ ಗಿಡ? ಅದು ತಳದ ಕೆಸರಿನಿಂದಲೇ ಸಸಿಯಾಗಿ ಎದ್ದು ಮತ್ತೆ ಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನಮ್ಮ ಕೆಲಸ.

ಯಾಕೆ ಹೀಗಾಯಿತು ಅಂತ ಆಮೇಲೆ ಪುಸ್ತಕ ಓದಿದೆವು, ತಿಳಿದವರನ್ನು ಕೇಳಿದೆವು. ಕಲಿತದ್ದನ್ನು ಸರಳವಾಗಿ ಹೇಳುತ್ತೇವೆ.

ನೆಂಟರು ಯಾರು?

ಕೆರೆಯ ಗಿಡ ಅಂದರೆಲ್ಲ ಕಳೆ ಅಲ್ಲ. ಮನೆಯಲ್ಲಿ ಹಿರಿಯರು, ಕಿರಿಯರು ತಮ್ಮ ತಮ್ಮ ಜಾಗದಲ್ಲಿ ಇರುವಂತೆ ಕೆರೆಯ ಹಳೆಯ ಗಿಡಗಳಿಗೂ ಒಂದೊಂದು ಜಾಗ ಇದೆ, ಒಂದೊಂದು ಕೆಲಸ ಇದೆ.

ಅಂಚಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ಜೊಂಡು, ಚಾಪೆ ಹುಲ್ಲು. ಕಾಲುವೆಯಿಂದ ಬರುವ ಕೆಂಪು ನೀರಿನ ಓಟವನ್ನು ಇವು ನಿಧಾನ ಮಾಡುತ್ತವೆ. ಹೂಳು ಅಲ್ಲೇ ಕೂರುತ್ತೆ. ಇವುಗಳ ಬೇರಿನ ಸುತ್ತ ಇರುವ ಕಣ್ಣಿಗೆ ಕಾಣದ ಜೀವಿಗಳು ಕೊಳಕನ್ನು ಅರಗಿಸುತ್ತವೆ. ನಾಮದ ಕೋಳಿ, ಜಂಬುಕೋಳಿ ಗೂಡು ಕಟ್ಟುವುದೂ ಇಲ್ಲೇ. ಕೊರವ ಮೀನು ಗಿಡಗಳ ನಡುವೆ ಗೂಡಿನಂತೆ ಜಾಗ ಮಾಡಿಕೊಂಡು ಮೊಟ್ಟೆಯಿಟ್ಟು ಕಾವಲು ಕಾಯುವುದೂ ಇಂಥ ಕಡೆಯೇ.

ಸ್ವಲ್ಪ ಒಳಗೆ ತಾವರೆ, ನೈದಿಲೆ. ಇವುಗಳ ಎಲೆ ಮೇಲೆ ತೇಲಿದರೂ ಬೇರು ಕೆಸರಿನಲ್ಲಿ ಊರಿರುತ್ತೆ. ಆದ್ದರಿಂದ ನೀರು ಆಳವಾದ ಕಡೆಗೆ ಇವು ಹೋಗಲಾರವು. ಕೆರೆಯ ಆಳವೇ ಇವಕ್ಕೆ ಬೇಲಿ. ತಾವರೆ ಎಲೆಯ ಮೇಲೆ ಉದ್ದ ಬೆರಳಿನ ದೇವನಕ್ಕಿ ನಡೆದಾಡುವುದನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ನಮ್ಮ ಮಕ್ಕಳು ನೋಡಿಲ್ಲ.

ನೀರಿನೊಳಗೆ ಮುಳುಗಿರುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮುಂತಾದವನ್ನು ನಾವು ಒಟ್ಟಾಗಿ ಪಾಚಿ ಅಂತ ಕರೆದುಬಿಡುತ್ತೇವೆ. ಅವು ಪಾಚಿಯಲ್ಲ, ಹೂವು ಬಿಡುವ ಗಿಡಗಳೇ. ವ್ಯಾಲಿಸ್ನೇರಿಯಾದ ಗಂಡು ಹೂವು ತೊಟ್ಟಿನಿಂದ ಕಳಚಿ ಮೇಲಕ್ಕೆ ಬಂದು, ತೇಲುತ್ತ ಹೋಗಿ ಹೆಣ್ಣು ಹೂವನ್ನು ಸೇರುತ್ತೆ. ಆಮೇಲೆ ಹೆಣ್ಣು ಹೂವಿನ ತೊಟ್ಟು ಸ್ಪ್ರಿಂಗಿನಂತೆ ಸುತ್ತಿಕೊಂಡು ಕಾಯನ್ನು ನೀರೊಳಕ್ಕೆ ಎಳೆದುಕೊಳ್ಳುತ್ತೆ. ಮಕ್ಕಳು ಒಂದು ಬೆಳಿಗ್ಗೆ ಕಾದು ನೋಡಬೇಕಾದ ಸಂಗತಿ ಇದು. ಈ ಗಿಡಗಳು ಹಗಲಲ್ಲಿ ಬಿಡುವ ಆಮ್ಲಜನಕ ನೇರವಾಗಿ ನೀರಿಗೇ ಸೇರುತ್ತೆ, ಮೀನಿಗೆ ಸಿಗುತ್ತೆ.

ಇನ್ನು ದಡದ ತೇವದಲ್ಲಿ ಹೊನಗೊನೆ ಸೊಪ್ಪು, ಒಂದೆಲಗ, ನೀರುಬ್ರಾಹ್ಮಿ. ಇವುಗಳ ಉಪಯೋಗವನ್ನು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನೆಂಟರೂ ಮಿತಿ ಮೀರುವುದುಂಟು. ಹೂಳು ತುಂಬಿ ಕೆರೆ ಆಳ ಕಳೆದುಕೊಂಡರೆ ಜೊಂಡು ಮಧ್ಯದವರೆಗೂ ನಡೆದು ಬರುತ್ತೆ. ಆಗ ಅದನ್ನೂ ಕೊಯ್ದು ಹದ್ದಿನಲ್ಲಿ ಇಡಬೇಕು. ಆದರೆ ಕೊಯ್ಯೋದು ಬೇರೆ, ಬೇರುಸಹಿತ ನಿರ್ನಾಮ ಮಾಡೋದು ಬೇರೆ.

ಹೊರಗಿನಿಂದ ಬಂದವರು

ನಮ್ಮ ಕಡೆ ಕತ್ತೆಕಿವಿ ಅನ್ನುವ, ಬೇರೆ ಕಡೆ ಜಲಕುಂಭಿ ಅನ್ನುವ ಆ ನೇರಳೆ ಹೂವಿನ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಕೆಲವರು ಇದನ್ನೇ ಅಂತರಗಂಗೆ ಅನ್ನುತ್ತಾರೆ. ಆದರೆ ಆ ಹೆಸರು ಮೊದಲಿನಿಂದ ಇದ್ದದ್ದು ಎಲೆಕೋಸಿನ ಆಕಾರದಲ್ಲಿ ತೇಲುವ, ಕಣ್ಣಿಗೆ ಹೊಡೆಯುವಂಥ ಹೂವಿಲ್ಲದ ಬೇರೊಂದು ಗಿಡಕ್ಕೆ. ಜಲಕುಂಭಿ 1890ರ ದಶಕದಲ್ಲಿ ಹೂವಿನ ಚಂದಕ್ಕಾಗಿ ಬಂಗಾಳಕ್ಕೆ ಬಂತು. ಅಲ್ಲಿಯ ಹೊಳೆ ಹಳ್ಳ ಗದ್ದೆಗಳನ್ನು ಎಷ್ಟರಮಟ್ಟಿಗೆ ಮುಚ್ಚಿತೆಂದರೆ, 1936ರಲ್ಲಿ ಈ ಒಂದು ಗಿಡದ ವಿರುದ್ಧವೇ ಬಂಗಾಳದಲ್ಲಿ ಕಾನೂನು ಮಾಡಬೇಕಾಯಿತು. ಕಾನೂನಿಗೂ ಅದು ಹೆದರಲಿಲ್ಲ ಅನ್ನಿ.

ಇದರ ಬಲ ಎಲ್ಲಿದೆ? ಇದರ ಬೇರು ಕೆಸರಿನಲ್ಲಿ ಊರಬೇಕಾಗಿಲ್ಲ, ನೀರಿನಲ್ಲೇ ತೂಗಾಡುತ್ತೆ. ಹಾಗಾಗಿ ಆಳ ಇದಕ್ಕೆ ಬೇಲಿಯಲ್ಲ. ಉಬ್ಬಿದ ತೊಟ್ಟಿನಲ್ಲಿ ಗಾಳಿ ತುಂಬಿಕೊಂಡು ದೋಣಿಯಂತೆ ತೇಲುತ್ತೆ. ತಾಯಿ ಗಿಡದಿಂದ ಹಂಬು ಹೊರಟು ಮರಿ, ಮರಿಯಿಂದ ಇನ್ನೊಂದು ಮರಿ. ಬಿಸಿಲು ಚೆನ್ನಾಗಿದ್ದು ನೀರಿನಲ್ಲಿ ಸಾರ ಇದ್ದರೆ ಒಂದೆರಡು ವಾರಕ್ಕೆ ಇಮ್ಮಡಿಯಾಗುತ್ತೆ.

ನಮ್ಮ ಲೆಕ್ಕದಲ್ಲಿ ನೋಡೋಣ. ಕೆರೆಯ ಮೂಲೆಯಲ್ಲಿ ಒಂದು ಗುಂಟೆ ಗಿಡ ಇದೆ, ಎರಡು ವಾರಕ್ಕೆ ಇಮ್ಮಡಿ ಅಂತ ಇಟ್ಟುಕೊಳ್ಳಿ. ಎರಡನೇ ವಾರಕ್ಕೆ 2 ಗುಂಟೆ, ನಾಲ್ಕಕ್ಕೆ 4, ಆರಕ್ಕೆ 8, ಎಂಟಕ್ಕೆ 16, ಹತ್ತಕ್ಕೆ 32. ಹನ್ನೆರಡನೇ ವಾರಕ್ಕೆ 64 ಗುಂಟೆ, ಅಂದರೆ ಒಂದೂವರೆ ಎಕರೆ ದಾಟಿತು. ಬಡ್ಡಿಗೆ ಬಡ್ಡಿ ಅಂದರೇನು ಅಂತ ಪತ್ತಿನ ಸಂಘದ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಇನ್ನೂ ಒಂದು ಮಾತು ನೆನಪಿಡಿ. ಅರ್ಧ ಕೆರೆ ಮುಚ್ಚಿದಾಗ "ಇನ್ನೂ ಅರ್ಧ ಇದೆಯಲ್ಲ, ಹಬ್ಬ ಮುಗೀಲಿ ನೋಡೋಣ" ಅಂದರೆ, ಉಳಿದದ್ದು ಎರಡೇ ವಾರ.

ಮೇಲೆ ಹೊದಿಕೆ ಬಿದ್ದರೆ ಕೆಳಗೆ ಬಿಸಿಲು ಹೋಗಲ್ಲ. ಮುಳುಗಿರುವ ನಮ್ಮ ಗಿಡಗಳು ಸಾಯುತ್ತವೆ. ಗಾಳಿಯೂ ನೀರಿಗೆ ಬೆರೆಯದೆ ಆಮ್ಲಜನಕ ಇಳಿಯುತ್ತೆ. ಮ್ಯಾನ್ಸೋನಿಯಾ ಅನ್ನುವ ಸೊಳ್ಳೆಯ ಮರಿಗಳು ಇಂಥ ತೇಲುವ ಗಿಡಗಳ ಬೇರಿಗೆ ಕಚ್ಚಿಕೊಂಡು ಅಲ್ಲಿಂದಲೇ ಉಸಿರಾಡುತ್ತವೆ. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವ ಸೊಳ್ಳೆ ಅದು. ಇದರ ಬೀಜವಂತೂ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದುಕೊಂಡಿರುತ್ತೆ. 2020ರಲ್ಲಿ ಮೇಲಿನದನ್ನೆಲ್ಲ ತೆಗೆದ ನಮಗೆ ಕೆಳಗಿನದು ತಿಳಿದಿರಲಿಲ್ಲ.

ಜಲಕುಂಭಿಯ ಜೊತೆ ಗುರುತಿಟ್ಟುಕೊಳ್ಳಬೇಕಾದ ಇನ್ನಿಬ್ಬರು ಇದ್ದಾರೆ. ಒಂದು ಸಾಲ್ವಿನಿಯಾ, ಬ್ರೆಜಿಲ್ ಕಡೆಯ ತೇಲುವ ಜರಿಗಿಡ. ಮಡಚಿದ ಪುಟ್ಟ ಎಲೆ, ಎಲೆಯ ಮೇಲೆ ನೀರು ನಿಲ್ಲದ ಹಾಗೆ ಸಣ್ಣ ರೋಮ. ಇನ್ನೊಂದು ಅಲಿಗೇಟರ್ ಕಳೆ, ಅದೂ ದಕ್ಷಿಣ ಅಮೆರಿಕದ್ದೇ. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು, ಯಾಕೆಂದರೆ ಇದು ಹೊನಗೊನೆಯ ದಾಯಾದಿ, ನೋಡೋಕೆ ಹಾಗೇ ಇರುತ್ತೆ. ವ್ಯತ್ಯಾಸ ಸುಲಭ. ಹೊನಗೊನೆಯ ಬಿಳಿ ಹೂವು ಎಲೆಯ ಬುಡಕ್ಕೆ ಅಂಟಿಕೊಂಡು ಕೂತಿರುತ್ತೆ. ಅಲಿಗೇಟರ್ ಕಳೆಯ ಹೂವು ಉದ್ದ ತೊಟ್ಟಿನ ಮೇಲೆ ನಿಂತಿರುತ್ತೆ, ಕಾಂಡ ಟೊಳ್ಳು. ಚರಂಡಿ ನೀರು ಸೇರುವ ಕಡೆ ಬೆಳೆದ ಯಾವ ಸೊಪ್ಪನ್ನೂ ಅಡುಗೆಗೆ ತರಬೇಡಿ. ನೀರಿನಲ್ಲಿರುವ ವಿಷವನ್ನು ಗಿಡ ಹೀರಿಟ್ಟುಕೊಂಡಿರುತ್ತೆ.

ಕಳೆಗೆ ಅನ್ನ ಹಾಕುತ್ತಿರುವವರು ಯಾರು?

ಬೀಜ ಬಿದ್ದ ಮಾತ್ರಕ್ಕೆ ಬೆಳೆ ಬರಲ್ಲ, ಗೊಬ್ಬರ ಬೇಕು. ಕೆರೆಯಲ್ಲಿ ಬೆಳೆದ ಕಳೆಗೆ ಗೊಬ್ಬರ ಹಾಕುತ್ತಿರುವವರು ನಾವೇ. ಊರಿನ ಬಚ್ಚಲು ನೀರು, ಸೋಪಿನ ನೀರು, ಕೊಟ್ಟಿಗೆ ತೊಳೆದ ನೀರು ಒಂದೇ ಚರಂಡಿಯಲ್ಲಿ ಕೆರೆಗೆ ಇಳಿಯುತ್ತೆ. ಅಚ್ಚುಕಟ್ಟಿನ ಗದ್ದೆಗಳು ಏರಿಯ ಕೆಳಗಿವೆ, ಅವುಗಳ ನೀರು ಕೆರೆಗೆ ಬರಲ್ಲ. ಆದರೆ ಕೆರೆಯ ಮೇಲ್ಭಾಗದ ಹೊಲ ತೋಟಗಳಿಗೆ ನಾವು ಲೆಕ್ಕವಿಲ್ಲದೆ ಚೆಲ್ಲಿದ ಯೂರಿಯಾ, ಡಿಎಪಿ ಮೊದಲ ಜೋರು ಮಳೆಗೇ ಕಾಲುವೆ ಹಿಡಿಯುತ್ತೆ. ಆ ಚೀಲಗಳು ಹೋದದ್ದು ನಮ್ಮ ಸಂಘದ ಗೋದಾಮಿನಿಂದಲೇ. ಹಬ್ಬದ ದಿನ ಈ ಮಾತು ಕಹಿಯಾಗಬಹುದು. ಆದರೆ ಮನೆಯವರಿಗೆ ಮನೆಯವರೇ ಹೇಳದೆ ಇನ್ಯಾರು ಹೇಳಬೇಕು?

ಈ ಸಾರವನ್ನು ಯಾರಾದರೂ ಉಣ್ಣಲೇಬೇಕು. ಜೊಂಡು, ತಾವರೆ, ಮುಳುಗಿದ ಗಿಡಗಳು ಇದ್ದಾಗ ಅವು ಸ್ವಲ್ಪ ಉಣ್ಣುತ್ತಿದ್ದವು. 2020ರಲ್ಲಿ ಅವುಗಳನ್ನೂ ಕಿತ್ತಾಗ ಉಣ್ಣುವವರಿಲ್ಲದೆ ಸಾರವೆಲ್ಲ ಕಣ್ಣಿಗೆ ಕಾಣದ ಹಸಿರು ಪಾಚಿಗೆ ಸಿಕ್ಕಿತು. ಆ ಪಾಚಿ ಹಗಲು ಆಮ್ಲಜನಕ ಬಿಟ್ಟರೂ ರಾತ್ರಿಯೆಲ್ಲ ತಾನೇ ಅದನ್ನು ಬಳಸುತ್ತೆ. ಆದ್ದರಿಂದಲೇ ಮೀನು ಸತ್ತದ್ದು ಬೆಳಗಿನ ಜಾವ.

ಪಟ್ಟಣದ ಕಡೆ ನೋಡಿದರೆ ಇದರ ಕೊನೆ ಕಾಣುತ್ತೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಬೆಳ್ಳಂದೂರು ಕೆರೆಯಲ್ಲಿ ಚರಂಡಿ ನೀರು ತುಂಬಿ, ನೊರೆ ಎದ್ದು, ಕೆರೆಗೇ ಬೆಂಕಿ ಬಿದ್ದದ್ದನ್ನು 2015ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಓದಿದ್ದೇವೆ. ನೀರಿಗೆ ಬೆಂಕಿ ಬೀಳುತ್ತೆ ಅಂತ ನಮ್ಮ ಅಜ್ಜಂದಿರಿಗೆ ಹೇಳಿದ್ದರೆ ನಗುತ್ತಿದ್ದರು. ಅದೇ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಬೇರೆ ದಾರಿಯೂ ಕಂಡಿದೆ. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಜೊಂಡು ಬೆಳೆದ ತಗ್ಗಿನ ಮೂಲಕ ಹಾಯಿಸಿ ಆಮೇಲೆ ಕೆರೆಗೆ ಬಿಡುತ್ತಾರೆ. ನಾವು ಕಿತ್ತೆಸೆದ ಜೊಂಡನ್ನು ಅಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ.

ಔಷಧಿ, ಮೀನು, ಹುಳ

ಕಳೆನಾಶಕದ ಮಾತಿಗೆ ಬರೋಣ. ಔಷಧಿ ಹೊಡೆದರೆ ಗಿಡ ಸಾಯುತ್ತೆ, ಸುಳ್ಳಲ್ಲ. ಆದರೆ ಸತ್ತ ಗಿಡ ಎಲ್ಲಿಗೆ ಹೋಗುತ್ತೆ? ಮುಳುಗಿ ತಳದಲ್ಲಿ ಕೊಳೆಯುತ್ತೆ. ಕೊಳೆಯುವಾಗ ಆಮ್ಲಜನಕ ತಿನ್ನುತ್ತೆ, ಗೊಬ್ಬರವನ್ನು ನೀರಿಗೇ ವಾಪಸು ಕೊಡುತ್ತೆ. ಅದೇ ನೀರನ್ನು ದನ ಕುಡಿಯಬೇಕು. ಜಲಕಳೆಗೆ ಬಳಸುವ 2,4-ಡಿ ಅನ್ನುವ ಔಷಧಿಯ ಗಾಳಿ ತಗುಲಿದರೂ ಟೊಮೇಟೊ, ಹತ್ತಿಯಂಥ ಬೆಳೆಯ ಎಲೆ ಮುದುರಿಹೋಗುತ್ತೆ. ಏರಿಯ ಕೆಳಗೆ ಟೊಮೇಟೊ ಇಟ್ಟವರು ಎಷ್ಟು ಮಂದಿ ಇಲ್ಲಿದ್ದೀರಿ, ನೀವೇ ಯೋಚಿಸಿ.

ಹುಲ್ಲುಗೆಂಡೆ ಮೀನು ಬಿಟ್ಟರೆ ಗಿಡ ತಿಂದುಬಿಡುತ್ತೆ ಅನ್ನುವವರೂ ಇದ್ದಾರೆ. ಗ್ರಾಸ್ ಕಾರ್ಪ್ ಅಂತ ಕರೆಯುವ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1959ರಲ್ಲಿ. ಅದಕ್ಕೆ ರುಚಿ ಹೈಡ್ರಿಲ್ಲಾದಂಥ ಮೆತ್ತನೆಯ ಮುಳುಗು ಗಿಡ. ಜಲಕುಂಭಿಯ ಗಟ್ಟಿ ತೊಟ್ಟು ಅದಕ್ಕೆ ಬೇಡ. ಅಂದರೆ ನೆಂಟರನ್ನು ತಿಂದು ಕಳೆಯನ್ನು ಬಿಡುತ್ತೆ.

ಹುಳದ ದಾರಿ ಒಂದಿದೆ, ಅದರಲ್ಲಿ ನಮ್ಮ ನಾಡಿನವರೇ ಮುಂದಾಳುಗಳು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಜಲಕುಂಭಿಯನ್ನು ಅದರ ತವರಿನಲ್ಲಿ ತಿನ್ನುವ ನಿಯೋಕೆಟಿನಾ ಅನ್ನುವ ಪುಟ್ಟ ಮೂತಿಹುಳುವನ್ನು 1980ರ ದಶಕದ ಮೊದಲಲ್ಲಿ ತರಿಸಿದರು. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲ ಅಂತ ಪರೀಕ್ಷಿಸಿದ ಮೇಲೆ ಬೆಂಗಳೂರಿನ ಸುತ್ತಿನ ಕೆರೆಗಳಿಗೆ ಬಿಟ್ಟರು. ಕೆಲವು ಕೆರೆಗಳಲ್ಲಿ ಮೂರ್ನಾಲ್ಕು ವರ್ಷದಲ್ಲಿ ಕಳೆ ಕುಗ್ಗಿತು. ಸಾಲ್ವಿನಿಯಾಕ್ಕೂ ಅದರದೇ ಆದ ಒಂದು ಹುಳ ಇದೆ. ಬೆಂಗಳೂರಿನಲ್ಲಿ ಪರೀಕ್ಷೆಯಾದ ಆ ಹುಳವನ್ನು ಕೇರಳದ ಕೃಷಿ ವಿಶ್ವವಿದ್ಯಾಲಯದವರು ಅಲ್ಲಿ ಬಿಟ್ಟರು. "ಆಫ್ರಿಕನ್ ಪಾಯಲ್" ಅಂತ ಜನ ಶಾಪ ಹಾಕುತ್ತಿದ್ದ ಆ ಕಳೆ ಕುಟ್ಟನಾಡಿನ ಕಾಲುವೆ ಗದ್ದೆಗಳಿಂದ ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಹಿಂದೆ ಸರಿಯಿತು.

ಆದರೆ ಹುಳ ಮಂತ್ರವಾದಿಯಲ್ಲ. ಅದಕ್ಕೆ ವರ್ಷಗಳು ಬೇಕು. ಚರಂಡಿ ನೀರು ಕುಡಿದು ಕೊಬ್ಬಿದ ಗಿಡ ಹುಳ ತಿನ್ನುವುದಕ್ಕಿಂತ ಬೇಗ ಬೆಳೆಯುತ್ತೆ. ನಡುವೆ ಔಷಧಿ ಹೊಡೆದರೆ ಗಿಡದ ಜೊತೆ ಹುಳವೂ ಹೋಗುತ್ತೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊದವರನ್ನು ಸಂಘದಿಂದ ಪತ್ರ ಬರೆದು ವಿಚಾರಿಸಬಹುದು.

ಈಗ ನಾವು ಮಾಡುತ್ತಿರುವುದು

2022ರ ದೊಡ್ಡ ಮಳೆಗೆ ಕೆರೆ ತುಂಬಿದ ಮೇಲೆ ನಾವು ಬುದ್ಧಿ ಕಲಿತವರಂತೆ ಸಣ್ಣದಾಗಿ ಶುರು ಮಾಡಿದೆವು. ಮೇಲಿನ ಕೆರೆಯಿಂದ ಬರುವ ಕಾಲುವೆಯ ಬಾಯಿಗೆ ಬಿದಿರು ಮತ್ತು ಹಳೇ ಬಲೆಯ ತಡೆ ಕಟ್ಟಿದೆವು. ತೇಲಿ ಬಂದ ಗಿಡ ಅಲ್ಲೇ ನಿಲ್ಲುತ್ತೆ, ಅಲ್ಲೇ ಎತ್ತುತ್ತೇವೆ. ಪ್ರತಿ ಅಮಾವಾಸ್ಯೆ, ಹೇಗೂ ಆರು ಕಟ್ಟದ ದಿನ, ಮನೆಗೊಬ್ಬರಂತೆ ಅರ್ಧ ದಿನ ಗಿಡ ಎತ್ತುತ್ತೇವೆ. ಹೂವು ಬಿಡುವ ಮೊದಲೇ ಎತ್ತಬೇಕು ಅನ್ನೋದು ನಮ್ಮ ನಿಯಮ. ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ ಇರುವುದರಿಂದ ಎರಡು ದಿನ ದಡದಲ್ಲಿ ಬಾಡಲು ಬಿಟ್ಟು, ಆಮೇಲೆ ಏರಿಯ ಆಚೆಗೆ ಸಾಗಿಸಿ, ಸಗಣಿ ಸೇರಿಸಿ ಗುಂಡಿ ಗೊಬ್ಬರ ಮಾಡುತ್ತೇವೆ. ಕೆರೆಗೆ ಇಳಿದ ಸಾರ ಹೀಗೆ ಹೊಲಕ್ಕೆ ವಾಪಸು ಬರುತ್ತೆ.

ಊರ ಚರಂಡಿ ಕೆರೆ ಸೇರುವ ಕಡೆ ಒಂದು ಕೆಸರುಗುಂಡಿ ತೋಡಿ, ಅದರ ಮುಂದೆ ಪಕ್ಕದ ಹಳ್ಳದಿಂದ ಜೊಂಡಿನ ಗೆಡ್ಡೆ ತಂದು ನೆಟ್ಟೆವು. ಅದನ್ನು ಕಂಡು ಊರೆಲ್ಲ ನಕ್ಕಿತು. "ನೋಡ್ರಪ್ಪ, ದುಡ್ಡು ಕೊಟ್ಟು ಕಿತ್ತೋರು ಈಗ ಬಿಟ್ಟಿ ನೆಡ್ತಾವ್ರೆ" ಅಂದರು. ನಾವೂ ನಕ್ಕೆವು. ಇನ್ನೇನು ಮಾಡೋದು?

ಕೆರೆಯನ್ನು ಗೆದ್ದೆವು ಅಂತ ಹೇಳಲ್ಲ. ಈಗಲೂ ಕೋಡಿಯ ಕಡೆ ಗಿಡ ಇದೆ. ಅದನ್ನು ಕಂಡೇ ಸಭೆಗೆ ಅರ್ಜಿ ಬಂದಿರುವುದು. ಎರಡು ಅಮಾವಾಸ್ಯೆ ನಾವು ಸೋಮಾರಿಗಳಾದರೆ ಮೂರನೆಯದಕ್ಕೆ ಕೆರೆ ನಮ್ಮ ಕೈಮೀರುತ್ತೆ. ಆದರೆ ನಡುವೆ ನೀರು ಕಾಣುತ್ತಿದೆ, ಸೋಪಾನದ ಹತ್ತಿರ ಬಟ್ಟೆ ಒಗೆಯಲು ಜಾಗ ಆಗಿದೆ. ಕಳೆದ ವರ್ಷ ಮೂಲೆಯಲ್ಲಿ, ಯಾರೂ ನೆಡದೆ, ತಾವರೆಯ ನಾಲ್ಕು ಎಲೆ ಎದ್ದವು.

ಅದು ಎಲ್ಲಿಂದ ಬಂತು ಅಂತ ನಮಗೆ ಆಶ್ಚರ್ಯ. ಓದಿದಾಗ ತಿಳಿಯಿತು, ತಾವರೆಯ ಬೀಜದ ಚಿಪ್ಪು ಕಲ್ಲಿನಂಥದ್ದು. ಚೀನಾದಲ್ಲಿ ಒಂದು ಬತ್ತಿದ ಕೆರೆಯ ತಳದಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆತದ್ದನ್ನು ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ್ದಾರೆ. ಹಾಗಾದರೆ ನಮ್ಮ ಕೆರೆಯ ಹೂಳಿನಲ್ಲಿ ಎರಡೂ ಬೀಜ ಇವೆ. ಜಲಕುಂಭಿಯದೂ ಇದೆ, ತಾವರೆಯದೂ ಇದೆ. ಯಾವುದು ಏಳಬೇಕು ಅನ್ನೋದನ್ನು ನಾವು ಕೆರೆಗೆ ಬಿಡುವ ನೀರು ತೀರ್ಮಾನ ಮಾಡುತ್ತೆ.

ಸಂಘಕ್ಕೆ ನಮ್ಮ ವಿನಂತಿ

ಸರ್ವಸದಸ್ಯರ ಸಭೆಯ ಮುಂದೆ ನಾವು ಇಡುವ ಬೇಡಿಕೆಗಳು ಇಷ್ಟೇ.

1. ಕಳೆನಾಶಕಕ್ಕೂ, ಹಸಿರು ಕಂಡದ್ದನ್ನೆಲ್ಲ ಬಾಚುವ ಯಂತ್ರಕ್ಕೂ ಬೆಳ್ಳಿಹಬ್ಬದ ನಿಧಿಯಿಂದ ಹಣ ಕೊಡಬೇಡಿ.

2. ಅದೇ ಹಣದಲ್ಲಿ ಚರಂಡಿಯ ಕೆಸರುಗುಂಡಿಯನ್ನು ಕಲ್ಲಿನಿಂದ ಕಟ್ಟಿಸಿ, ಕಾಲುವೆ ಬಾಯಿಯ ಬಿದಿರಿನ ತಡೆಯ ಬದಲು ಗಟ್ಟಿಯಾದ ಜಾಲರಿ ಹಾಕಿಸಿ.

3. ಕೆರೆಯ ಮೇಲ್ಭಾಗದಲ್ಲಿ ಜಮೀನಿರುವ ಸದಸ್ಯರಿಗೆ ಮಣ್ಣು ಪರೀಕ್ಷೆ ನೋಡಿಯೇ ಗೊಬ್ಬರ ಕೊಡುವ ಪದ್ಧತಿ ಮಾಡಿ. ಅವರಿಗೂ ಖರ್ಚು ಉಳಿಯುತ್ತೆ, ಕೆರೆಯೂ ಉಳಿಯುತ್ತೆ.

4. ಮೇಲಿನ ಕೆರೆಯ ಊರಿನ ಸಂಘದವರ ಜೊತೆ ಕೂತು ಮಾತಾಡಿ. ಅವರ ಕೋಡಿ ನಮ್ಮ ಕಾಲುವೆ. ಅವರ ಕೆರೆಯಲ್ಲಿ ಗಿಡ ಇರುವತನಕ ನಮ್ಮ ಕೆರೆಗೆ ನೆಮ್ಮದಿಯಿಲ್ಲ. ನಮ್ಮ ಕೆಳಗಿನ ಊರಿನವರಿಗೂ ನಾವು ಹಾಗೇ.

5. ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಕೆರೆಯ ಗಿಡಗಳ ಗುರುತು ಹಿಡಿಸಿ. ಚಾಲಕ ಬಂದು "ಯಾವ್ದು ತೆಗೀಲಿ, ಯಾವ್ದು ಬಿಡ್ಲಿ" ಅಂತ ಕೇಳಿದರೆ ಉತ್ತರ ಹೇಳುವವರು ಊರಲ್ಲಿ ಇರಬೇಕು. ನಮ್ಮ ಕಾಲದಲ್ಲಿ ಇರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ದೊಣ್ಣೆಯ ಕೆಲಸ ನಾವು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಿದೆವು. ಕುಂಬಾರನ ಕೆಲಸ ಈಗ ನಡೆಯುತ್ತಿದೆ. ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಏಳು ಗಂಟೆಗೆ ತೂಬಿನ ಹತ್ತಿರ ಸೇರುತ್ತೇವೆ. ಕುಡುಗೋಲು, ಮಂಕರಿ ತನ್ನಿ. ಸಿಟ್ಟಾದವರು ಮೊದಲು ಬನ್ನಿ. 2020ರಲ್ಲಿ ಮೀನು ಕಳೆದುಕೊಂಡ ಮನೆಗಳವರೂ ಬರಬೇಕು ಅಂತ ಈ ವೇದಿಕೆಯಿಂದ ಕೈಮುಗಿದು ಕೇಳಿಕೊಳ್ಳುತ್ತೇವೆ. ತಪ್ಪು ನಮ್ಮದು, ಕೆರೆ ಎಲ್ಲರದು.



ಜೈ ಸಹಕಾರ.